ಮಾತು ತಡವಾದ ಮಗು, ತಡಮಾಡಿದ ನಾವು

ನಾಲ್ಕು ವರ್ಷಗಳ ಹಿಂದಿನ ಮಾತು. ನಾಯಕನಹಟ್ಟಿಯ ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಕೆಲವೇ ಕುಟುಂಬಗಳಿಗಾಗಿ ಮನೆಯೊಂದರಲ್ಲಿ ಬಲಿಪೂಜೆ ಅರ್ಪಿಸಿ ಹೊರಡುವ ಹೊತ್ತಿಗೆ, ಆ ಮನೆಯ ಸೊಸೆ ಎರಡೂವರೆ ವರ್ಷದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, “ಫಾದರ್, ಇವನಿಗಿನ್ನೂ ಮಾತು ಬಂದಿಲ್ಲ. ಹೆಸರು ಹಿಡಿದು ಕೂಗಿದರೂ ತಿರುಗಿ ನೋಡಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ” ಎಂದು ಬೇಡಿಕೊಂಡರು. ನಾನು ಪ್ರಾರ್ಥಿಸಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲದೆ, “ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡವಮ್ಮ, ಹೆದರಬೇಡಿ, ತಾನಾಗಿಯೇ ಬರುತ್ತದೆ” ಎಂದು ಸಮಾಧಾನ ಹೇಳಿ ಬೈಕು ಹತ್ತಿದೆ. ಆ ಸಮಾಧಾನದ ಮಾತಿನಿಂದ ಮಗುವಿಗೆ ಎರಡು ವರ್ಷ ನಷ್ಟವಾಯಿತು.

ಗುರುಗಳೇ ಹೇಳಿದ ಮೇಲೆ ಆಸ್ಪತ್ರೆಗೆ ಏಕೆ ಹೋಗಬೇಕೆಂದು ಮನೆಯ ಹಿರಿಯರು ತೀರ್ಮಾನಿಸಿಬಿಟ್ಟರು. ತಾಯಿ ಮಾತ್ರ ಸುಮ್ಮನಿರಲಿಲ್ಲ. ವೇಳಾಂಗಣಿಗೆ ಹೋಗಿಬಂದರು. ಮಂಗಳವಾರ ಬಿಡದೆ ಸಂತ ಅಂತೋಣಿಯವರ ನವೇನಕ್ಕೆ ಬಂದರು. ಯಾರೋ ಬರೆದುಕೊಟ್ಟ ಟಾನಿಕ್ಕನ್ನು ಬಾಟಲಿಗಟ್ಟಲೆ ಕುಡಿಸಿದರು. ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ನೆರೆಮನೆಯವರ ಜೊತೆ ಹೋಗಿ ಕೊಬ್ಬರಿ ಸುಟ್ಟುಬಂದದ್ದನ್ನು ಒಂದು ದಿನ ಅಳುತ್ತಾ ಒಪ್ಪಿಕೊಂಡು, “ತಪ್ಪಾಯ್ತಾ ಫಾದರ್?” ಎಂದು ಕೇಳಿದರು. ತಪ್ಪು ಯಾರದೆಂದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು.

ತಿಳಿದದ್ದು ಹೀಗೆ. ಮಗುವನ್ನು ಸೇರಿಸಿಕೊಳ್ಳಲು ನಮ್ಮವರೇ ನಡೆಸುವ ಶಾಲೆಯೊಂದು ಒಪ್ಪಲಿಲ್ಲ. ಶಿಫಾರಸು ಮಾಡಬೇಕೆಂದು ಆ ತಾಯಿ ನನ್ನ ಬಳಿ ಬಂದಾಗ, ದಾದಿಯ ಕೆಲಸದಿಂದ ನಿವೃತ್ತರಾದ ಧರ್ಮಭಗಿನಿಯೊಬ್ಬರು ಅಲ್ಲಿಯೇ ಕುಳಿತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇವನ ಕಿವಿ ಪರೀಕ್ಷೆ ಆಗಿದೆಯೇ?” ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನನಗೆ ಆ ಸರಳ ಪ್ರಶ್ನೆ ಹೊಳೆದಿರಲಿಲ್ಲ. ಕಿವಿ ಸರಿಯಾಗಿಯೇ ಇತ್ತು. ಮಗುವಿಗಿದ್ದದ್ದು ಆಟಿಸಂ, ಅಂದರೆ ಸ್ವಲೀನತೆ.

ಓದುಗರಲ್ಲಿ ಎಳೆಯ ಮಕ್ಕಳ ತಂದೆತಾಯಂದಿರಿದ್ದರೆ ಇದನ್ನು ಗಮನಿಸಬೇಕು. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಬೇಕಾದ ವಸ್ತುವನ್ನು ಬೆರಳು ಮಾಡಿ ತೋರಿಸದಿದ್ದರೆ, ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದಗಳನ್ನು ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲಾದರೂ ನಿಂತುಹೋದರೆ, ಕಾಯುತ್ತಾ ಕೂರಬಾರದು. ಪ್ರತಿಯೊಂದು ತಡವೂ ವಿಕಲತೆಯೆಂದು ಇದರ ಅರ್ಥವಲ್ಲ. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತಿಳಿದರೆ ನಷ್ಟವಾಗುವುದು ಒಂದು ದಿನದ ಕೂಲಿ. ಮಾಡಿಸದಿದ್ದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿಯೇ.

ಇಂಥ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಚಿಕಿತ್ಸೆಯದಲ್ಲ, ಪಾಪದ್ದು. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಇವನ ಹೆತ್ತವರದೋ ಎಂದು ಪ್ರಭು ಯೇಸುವನ್ನು ಕೇಳಿದ ಪ್ರಸಂಗ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಪ್ರಭು ಎರಡನ್ನೂ ನಿರಾಕರಿಸಿದರು. ನಾವು ಮಾತ್ರ ಇಂದಿಗೂ ಆ ಶಿಷ್ಯರ ಪ್ರಶ್ನೆಯಲ್ಲಿಯೇ ನಿಂತಿದ್ದೇವೆ. ಉತ್ತರವಾಗಿ ಸಾಮಾನ್ಯವಾಗಿ ಸೊಸೆಯ ಕಡೆಗೆ ಬೆರಳು ಮಾಡುತ್ತೇವೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ಆನುವಂಶಿಕ ತೊಂದರೆಗಳ ಸಂಭವ ಹೆಚ್ಚುತ್ತದೆಂಬುದು ನಿಜ, ಅದನ್ನು ಮದುವೆಗೆ ಮುನ್ನ ಯೋಚಿಸಬೇಕು. ಮಗು ಹುಟ್ಟಿದ ಮೇಲೆ ತಾಯಿಯ ಮುಂದೆ ಎತ್ತಾಡುವುದು ಕ್ರೌರ್ಯ.

ಇನ್ನೊಂದು ಪ್ರಶ್ನೆ ಹೆಚ್ಚು ಸೂಕ್ಷ್ಮವಾದುದು. ಬುದ್ಧಿ ಪೂರ್ಣವಾಗಿ ಅರಳದ ಮಗುವಿನಲ್ಲಿ ನಾವು ಕಾಣುವುದೇನು? ಬೊಯೇಥಿಯಸ್ ಎಂಬ ಆರನೆಯ ಶತಮಾನದ ಚಿಂತಕ ‘ವ್ಯಕ್ತಿ’ ಎಂಬುದನ್ನು ವಿವೇಕದ ಸ್ವಭಾವದಿಂದ ವಿವರಿಸಿದನೇ ಹೊರತು ವಿವೇಕದ ಪ್ರದರ್ಶನದಿಂದಲ್ಲ. ನಿದ್ರಿಸುವವನು ಯೋಚಿಸುತ್ತಿಲ್ಲವೆಂದು ಅವನು ವ್ಯಕ್ತಿಯಲ್ಲವೆನ್ನಲಾದೀತೇ? ಹುಟ್ಟಿನಿಂದಲೇ ಬುದ್ಧಿಯ ಬಳಕೆಯಿಲ್ಲದವರಿಗೂ ಶಿಶುಗಳಿಗೆ ಕೊಡುವಂತೆಯೇ ಧರ್ಮಸಭೆಯ ವಿಶ್ವಾಸದಲ್ಲಿ ಜ್ಞಾನಸ್ನಾನ ಕೊಡತಕ್ಕದ್ದೆಂದು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಬರೆದರು. ಧರ್ಮಸಭೆಯ 1983ರ ಕಾನೂನು ಸಂಹಿತೆಯ 777ನೆಯ ವಿಧಿಯು ದೈಹಿಕ ಹಾಗೂ ಮಾನಸಿಕ ವಿಕಲತೆಯುಳ್ಳವರಿಗೂ ಅವರ ಸ್ಥಿತಿಗೆ ತಕ್ಕಷ್ಟು ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವ ಹೊಣೆಯನ್ನು ಧರ್ಮಕೇಂದ್ರದ ಗುರುವಿನ ಮೇಲೆ ಹೊರಿಸಿದೆ. ನನ್ನ ಧರ್ಮೋಪದೇಶದ ಹಾಜರಿ ಪುಸ್ತಕದಲ್ಲಿ ಅಂಥ ಒಂದು ಹೆಸರೂ ಇರಲಿಲ್ಲ. ಅಂಥ ಮಕ್ಕಳಿಲ್ಲವೆಂದು ಭಾವಿಸಿದ್ದೆ. ಹಬ್ಬದ ದಿನ ಅವರನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದರೆಂಬುದು ಆಮೇಲೆ ಗೊತ್ತಾಯಿತು.

ಸರ್ಕಾರದಿಂದ ಏನೂ ಸಿಗುವುದಿಲ್ಲವೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಅದು ಅರ್ಧ ಸತ್ಯ. 1995ರ ಕಾಯಿದೆಯಲ್ಲಿ ಏಳು ಬಗೆಯ ವಿಕಲತೆಗಳಿಗೆ ಮಾತ್ರ ಮನ್ನಣೆಯಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು 21ಕ್ಕೆ ಏರಿಸಿ ಸ್ವಲೀನತೆಯನ್ನೂ ಕಲಿಕೆಯ ನ್ಯೂನತೆಯನ್ನೂ ಸೇರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತನಗಿಷ್ಟವಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೂ ಒಂದು ಬಾರಿ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆ ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಅಂದು ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿ.

ಮುಂದಿನ ಹೆಜ್ಜೆಗೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಬಹುಪಾಲು ಅವರು ಸ್ವತಃ ವಿಕಲಚೇತನರು, ಆದ್ದರಿಂದ ಕಚೇರಿಯ ಮೆಟ್ಟಿಲುಗಳ ಕಷ್ಟ ಬಲ್ಲವರು. ವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು ಇವರ ಕೆಲಸಗಳಲ್ಲೊಂದು. ಆ ಕಾಗದವಿದ್ದರೆ ವರಮಾನದ ಮಿತಿಯೊಳಗಿನ ಕುಟುಂಬಕ್ಕೆ ನಾಡಕಚೇರಿಯ ಮೂಲಕ ಮಾಸಾಶನ, ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು, ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇವೆಲ್ಲಕ್ಕೂ ದಾರಿಯಾಗುತ್ತದೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯುಂಟು. ಅದಕ್ಕೆ ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯಲ್ಲಿ ವಿಚಾರಿಸಬೇಕು. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಗಳೂ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವ ಪಡೆಯಬೇಕು. ಜಮೀನಿರುವ ಕುಟುಂಬಗಳು ಇದನ್ನು ಮರೆಯದಿರಲಿ.

ಆದರೆ ಪ್ರಮಾಣಪತ್ರವೇ ಚಿಕಿತ್ಸೆಯಲ್ಲ, ಚಿಕಿತ್ಸೆ ಪ್ರಮಾಣಪತ್ರಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಕಾಗದ ಬರಲೆಂದು ತಿಂಗಳುಗಟ್ಟಲೆ ಕಾದು, ಬಂದ ಮೇಲೆ ಕೆಲಸ ಮುಗಿಯಿತೆಂದು ಟ್ರಂಕಿನಲ್ಲಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮಗುವಿಗೆ ಬೇಕಾದದ್ದು ವಾರವಾರದ ತರಬೇತಿ, ಅದನ್ನು ಮನೆಯಲ್ಲಿ ದಿನವೂ ಮುಂದುವರಿಸುವ ತಾಳ್ಮೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಮಾತು ಮತ್ತು ಶ್ರವಣಕ್ಕೆ 1965ರಲ್ಲಿ ಆರಂಭವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಶೇಂಗಾ ಬಿಡಿಸುವ ಕೂಲಿಯನ್ನು ಬಿಟ್ಟು ಪದೇ ಪದೇ ಅಷ್ಟು ದೂರ ಹೋಗುವುದು ಎಷ್ಟು ಕುಟುಂಬಗಳಿಗೆ ಸಾಧ್ಯ? ಇದೇ ಹೋಬಳಿಯ ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗಳ ಎತ್ತರದ ಗೋಡೆಗಳನ್ನು ದಾಟಿ ಹೋಗುವಾಗಲೆಲ್ಲ, ಮಾತು ಕಲಿಸುವ ಒಬ್ಬ ತಜ್ಞ ವಾರಕ್ಕೊಮ್ಮೆಯಾದರೂ ಹೋಬಳಿಗೆ ಬರುವಂತಾಗಬಾರದೇ ಎಂದು ನನಗೆ ಅನಿಸುತ್ತದೆ.

ನಮ್ಮ ಶಾಲೆಗಳ ವಿಷಯ ಹೇಳದೆ ಮುಗಿಸಲಾರೆ. ಮಂಗಳೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು 1970ರಲ್ಲಿಯೇ ಸಂತ ಆಗ್ನೆಸ್ ವಿಶೇಷ ಶಾಲೆಯನ್ನು ತೆರೆದರು. ಅಂಥ ಪರಂಪರೆಯ ನಾವು ಇಂದು ಶೇಕಡಾ ನೂರು ಫಲಿತಾಂಶದ ಫಲಕಕ್ಕೆ ಹೆದರಿ ಒಂದು ಮಗುವನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸುವುದಾದರೆ, ಪ್ರವೇಶದ್ವಾರದ ಮೇಲಿನ ಶಿಲುಬೆಗೆ ಏನರ್ಥ? ಆ ಬಾಲಕನನ್ನು ಕೊನೆಗೆ ಸೇರಿಸಿಕೊಂಡದ್ದು ಊರಿನ ಸರ್ಕಾರಿ ಶಾಲೆ.

ಅವನಿಗೀಗ ಆರೂವರೆ. ಏಳೆಂಟು ಪದಗಳು ಬಂದಿವೆ. ನೀರು ಬೇಕಾದರೆ ಲೋಟ ತಂದು ಕೈಗೆ ಕೊಡುತ್ತಾನೆ. ಪೂಜೆಯ ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಅದಕ್ಕಾಗಿ ಅವನು ಬಂದ ದಿನ ನಾವು ಗಂಟೆ ಬಾರಿಸುವುದಿಲ್ಲ. ಕೆಲವರು ಗೊಣಗಿದರು, ಈಗ ರೂಢಿಯಾಗಿದೆ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ಸು ಉಚಿತ, ಆರು ದಾಟಿದ ಹುಡುಗನಿಗೆ ಅರ್ಧ ಟಿಕೆಟ್. ಅವನ ಪಾಸಿನ ಅರ್ಜಿ ನಡೆಯುತ್ತಿದೆ. ಮೊನ್ನೆ ಆ ತಾಯಿ ಸಂಕೋಚದಿಂದ ಬಂದು, “ಫಾದರ್, ಇನ್ಮೇಲೆ ಮಂಗಳವಾರ ನವೇನಕ್ಕೆ ಬರೋಕ್ಕಾಗಲ್ಲ. ಅವತ್ತು ಇವನ ಟ್ರೈನಿಂಗ್ ಇದೆ, ಎಂಟು ಗಂಟೆಗೇ ಬಸ್ಸು. ಪಕ್ಕದ ಹಟ್ಟಿಯ ಇನ್ನೊಬ್ಬಳು ಅವಳ ಮಗೂನ ಕರ್ಕೊಂಡು ನನ್ನ ಜೊತೆ ಬರ್ತಾಳೆ, ಅವಳಿಗೆ ದಾರಿ ಗೊತ್ತಿಲ್ಲ” ಎಂದರು. ಹೋಗಿಬನ್ನಿರಮ್ಮ ಎಂದೆ. ಸಂತ ಅಂತೋಣಿಯವರಿಗೆ ನಾನು ಹೇಳಿಕೊಳ್ಳುತ್ತೇನೆ.