ಅಂಚೆ ಇಲಾಖೆಯ ನೇಮಕ ಮತ್ತು ಬಡ್ತಿ: ನ್ಯಾಯ ಎಂದರೇನು?

ಪಿಯುಸಿಗೆ ಸೇರಿದ ಮೇಲೆ ಹತ್ತನೇ ತರಗತಿಯ ಅಂಕಪಟ್ಟಿಯ ಕೆಲಸ ಮುಗಿಯಿತು ಎಂದುಕೊಂಡವರು ನಮ್ಮಲ್ಲಿ ಅನೇಕರು. ಆದರೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಆಯ್ಕೆ ನಡೆಯುವುದು ಅದೇ ಅಂಕಗಳ ಮೇಲೆ. ಲಿಖಿತ ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ವಯಸ್ಸು 18ರಿಂದ 40; ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಕರ್ನಾಟಕ ವೃತ್ತದ ಹುದ್ದೆಗಳಿಗೆ ಹತ್ತನೇ ತರಗತಿವರೆಗೆ ಕನ್ನಡ ಓದಿರಬೇಕು. ಆನ್‌ಲೈನ್ ಅರ್ಜಿಗಳಿಂದ ಕಂಪ್ಯೂಟರ್ ಅರ್ಹತಾ ಪಟ್ಟಿ ಸಿದ್ಧಪಡಿಸುತ್ತದೆ.

ಇದರ ಹಿಂದಿರುವುದು ಸಂವಿಧಾನದ 16ನೇ ವಿಧಿ. ಸರಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಇರಬೇಕು; ಧರ್ಮ, ಜಾತಿ, ಲಿಂಗ, ವಂಶ, ಹುಟ್ಟಿದ ಊರಿನ ಕಾರಣಕ್ಕೆ ಭೇದ ಮಾಡುವಂತಿಲ್ಲ ಎನ್ನುತ್ತದೆ ಅದು. ಹಿಂದುಳಿದವರಿಗೆ ಮೀಸಲಾತಿ ನೀಡಲು ಅವಕಾಶ ಕೊಡುವುದೂ ಇದೇ ವಿಧಿ. ಹೀಗಾಗಿ ಶಾಖಾ ಪೋಸ್ಟ್‌ಮಾಸ್ಟರ್ ಆಗಲು ಅದೇ ಹಳ್ಳಿಯಲ್ಲಿ ಹುಟ್ಟಿರಬೇಕಿಲ್ಲ. ಆಯ್ಕೆಯಾದ ಬಳಿಕ ಅಲ್ಲಿ ವಾಸಿಸಿದರೆ ಸಾಕು.

ಹಾಗೆಂದು ಪದ್ಧತಿ ಪೂರ್ತಿ ನಿರ್ದೋಷವೇ? ಒಂದೊಂದು ಬೋರ್ಡ್ ಅಂಕ ಕೊಡುವ ರೀತಿ ಒಂದೊಂದು. ಕೈ ಬಿಗಿ ಹಿಡಿದ ಬೋರ್ಡಿನ ವಿದ್ಯಾರ್ಥಿ ಹಿಂದುಳಿಯಬಹುದು. ಶಿಫಾರಸನ್ನು ದೂರವಿಟ್ಟ ಮಾತ್ರಕ್ಕೆ ಅಳತೆಗೋಲು ಸರಿಯಾಗುವುದಿಲ್ಲ.

ಕೆಲಸ ಸಿಕ್ಕ ಮೇಲಿನ ಪ್ರಶ್ನೆ ಬಡ್ತಿಯದ್ದು. ಡಾಕ್ ಸೇವಕರು ಇಲಾಖೆಯ ಸೀಮಿತ ಸ್ಪರ್ಧಾ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆಗಬಹುದು. ಮೇಲಿನ ಕೆಲವು ಹುದ್ದೆಗಳಿಗೆ ಸೇವಾ ಹಿರಿತನ ಮತ್ತು ವಾರ್ಷಿಕ ಕಾರ್ಯವರದಿಗಳನ್ನು ನೋಡಲಾಗುತ್ತದೆ. ಗುಟ್ಟಾಗಿ ಬರೆದ ವರದಿ ನೌಕರನ ಭವಿಷ್ಯವನ್ನೇ ಕೆಡಿಸಬಹುದು. ಆದ್ದರಿಂದ 2008ರಲ್ಲಿ ಸುಪ್ರೀಂ ಕೋರ್ಟ್, ಇನ್ನೊಂದು ಇಲಾಖೆಯ ಇಂಜಿನಿಯರೊಬ್ಬರ ಪ್ರಕರಣದಲ್ಲಿ, ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದಿತು. ಅವರಿಗೆ ಸಿಕ್ಕಿದ್ದು ‘ಉತ್ತಮ’ ಎಂಬ ಷರಾ. ಬಡ್ತಿಗೆ ಬೇಕಿದ್ದದ್ದು ‘ಅತ್ಯುತ್ತಮ’. ಹೊಗಳಿಕೆಯೇ ಅಡ್ಡಗಾಲಾಗಿತ್ತು!

ಅಂಚೆಯವರದ್ದೇ ಒಂದು ತೀರ್ಪೂ ಇದೆ. ಇಂದಿನ ಡಾಕ್ ಸೇವಕರನ್ನು ಹಿಂದೆ ‘ಇಲಾಖೇತರ ಏಜೆಂಟರು’ ಎನ್ನುತ್ತಿದ್ದರು. ಅವರೂ ಸರಕಾರದ ನಾಗರಿಕ ಹುದ್ದೆಯಲ್ಲಿರುವವರು, ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಹೇಳಿತು.

ಕೇಳಿದವರಿಗೆಲ್ಲ ಹುದ್ದೆ ಸಿಗುವುದು ನ್ಯಾಯವಲ್ಲ. ನಿಯಮ ಮೊದಲೇ ಗೊತ್ತಿರಬೇಕು, ಎಲ್ಲರಿಗೂ ಒಂದೇ ಇರಬೇಕು, ಸಿಗದವನು ಕಾರಣ ಕೇಳಿದರೆ ಉತ್ತರ ದೊರೆಯಬೇಕು. ಕೇಳಲು 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಮಿತ್ರರೇ, ಹಣ ಕೊಟ್ಟರೆ ಅಂಚೆ ಕೆಲಸ ಕೊಡಿಸುತ್ತೇವೆ ಎನ್ನುವವರು ಬಂದರೆ ನಂಬಬೇಡಿ. ನಿಮ್ಮ ಅಂಕಪಟ್ಟಿಯನ್ನು ಜೋಪಾನವಾಗಿಡಿ, ಅಧಿಸೂಚನೆಯನ್ನು ನೀವೇ ಓದಿ.