ಕಡಲೆ ಹೊಲದ ಕೀಡೆ, ಅದರೊಳಗಿನ ವೈರಸ್

ವೈರಸ್ ಉಣ್ಣುವುದಿಲ್ಲ, ಉಸಿರಾಡುವುದಿಲ್ಲ, ತನ್ನಷ್ಟಕ್ಕೆ ತಾನು ಬೆಳೆಯುವುದೂ ಇಲ್ಲ. ಅದರ ಬಳಿ ಇರುವುದು ಒಂದಿಷ್ಟು ವಂಶವಾಹಿ, ಅದರ ಸುತ್ತ ಪ್ರೋಟೀನಿನ ಕವಚ. ಇನ್ನೊಂದು ಜೀವಿಯ ಕೋಶದೊಳಗೆ ಹೊಕ್ಕು ಅಲ್ಲಿನ ಶಕ್ತಿ, ಸಾಮಗ್ರಿಗಳನ್ನು ತನ್ನದಾಗಿಸಿಕೊಂಡರೆ ಮಾತ್ರ ಅದರ ಸಂತತಿ ಮುಂದುವರಿಯುತ್ತದೆ. ಇದರ ಪರಿಣಾಮ ಬರಿಗಣ್ಣಿಗೇ ಕಾಣುವ ಜಾಗಗಳಲ್ಲಿ ಕಡಲೆ ಹೊಲವೂ ಒಂದು.

ಗಜೇಂದ್ರಗಡ ಸೀಮೆ, ರೋಣ, ನರಗುಂದದ ಎರೆ ಭೂಮಿಯಲ್ಲಿ ಹಿಂಗಾರಿಗೆ ಕಡಲೆ ಮುಖ್ಯ ಬೆಳೆ. ಗಿಡ ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ಕಾಯಿಕೊರಕ ಬೀಳುತ್ತದೆ. ಕಾಯಿಗೆ ದುಂಡನೆಯ ತೂತು ಕೊರೆದು, ತಲೆ ಒಳಗಿಟ್ಟು ಮೈ ಹೊರಗೆ ಬಿಟ್ಟುಕೊಂಡು ಕಾಳು ತಿನ್ನುವ ಕೀಡೆ ಇದು. ಶಾಸ್ತ್ರೀಯ ಹೆಸರು ಹೆಲಿಕೋವರ್ಪ ಆರ್ಮಿಜೆರ. ಎಷ್ಟೋ ಕೀಟನಾಶಕಗಳನ್ನು ತಾಳಿಕೊಳ್ಳಲು ಕಲಿತಿರುವ ಈ ಕೀಡೆಯನ್ನು ಕೊಲ್ಲುವ ವೈರಸ್ಸೊಂದಿದೆ: ನ್ಯೂಕ್ಲಿಯರ್ ಪಾಲಿಹೆಡ್ರೋಸಿಸ್ ವೈರಸ್. ಬಳಕೆಯಲ್ಲಿ ಎನ್‌ಪಿವಿ. ಅದರ ವಂಶವಾಹಿ ಸುಮಾರು 1,30,000 ಅಕ್ಷರಗಳ ಒಂದು ಡಿಎನ್ಎ ಉಂಗುರ.

ಎಲೆಯ ಮೇಲೆ ಈ ವೈರಸ್ ಬರಿಮೈಯಲ್ಲಿ ಇರುವುದಿಲ್ಲ. ಹಲವಾರು ವೈರಸ್ ಕಣಗಳು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳಿನಲ್ಲಿ ಹುದುಗಿರುತ್ತವೆ. ಒಂದೊಂದು ಹರಳೂ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ದಪ್ಪ. ಕೀಡೆ ಎಲೆಯ ಜೊತೆ ಹರಳನ್ನೂ ನುಂಗುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ ಇದ್ದರೆ ಕೀಡೆಯ ನಡುಗರುಳಿನಲ್ಲಿರುವುದು ಪ್ರಬಲ ಕ್ಷಾರ. ಆ ಕ್ಷಾರಕ್ಕೆ ಹರಳು ಕರಗಿ, ಒಳಗಿನ ಕಣಗಳು ಹೊರಬೀಳುತ್ತವೆ.

ಹೊರಬಿದ್ದ ಕಣ ಕರುಳಿನ ಕೋಶಕ್ಕೆ ಅಂಟಿ, ತನ್ನ ಪೊರೆಯನ್ನು ಕೋಶದ ಪೊರೆಯೊಂದಿಗೆ ಬೆಸೆಯುತ್ತದೆ. ಕವಚ ಸಮೇತ ಡಿಎನ್ಎ ಒಳಗಿಳಿದು ಕೋಶಕೇಂದ್ರ ಸೇರುತ್ತದೆ. ಕೀಡೆ ತನ್ನ ಜೀನುಗಳನ್ನು ಓದಲು ಇಟ್ಟುಕೊಂಡ ಕಿಣ್ವವೇ ಈಗ ವೈರಸ್ಸಿನ ಮೊದಲ ಜೀನುಗಳನ್ನು ಓದತೊಡಗುತ್ತದೆ. ಆ ಜೀನುಗಳಿಂದ ತಯಾರಾದ ಪ್ರೋಟೀನುಗಳು ವೈರಸ್ಸಿನ ಡಿಎನ್ಎಯನ್ನು ನಕಲು ಮಾಡುತ್ತವೆ. ನಂತರದ ಜೀನುಗಳಿಗೆ ಕೋಶದ ಕಿಣ್ವವೂ ಬೇಕಿಲ್ಲ, ಓದುವ ಕಿಣ್ವವನ್ನು ವೈರಸ್ ತಾನೇ ಮಾಡಿಸಿಕೊಂಡಿರುತ್ತದೆ. ಕೋಶಕೇಂದ್ರ ಉಬ್ಬಿ, ಹೊಸ ಕವಚಗಳಲ್ಲಿ ಹೊಸ ಡಿಎನ್ಎ ತುಂಬಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ಈ ವೈರಸ್ ಎರಡು ರೂಪ ತಾಳುವುದು ನಿಜಕ್ಕೂ ಸೋಜಿಗ. ಮೊದಲು ತಯಾರಾದ ಕಣಗಳು ಕೋಶದ ಪೊರೆಯನ್ನೇ ಹೊದ್ದುಕೊಂಡು ಮೊಗ್ಗಿನ ಹಾಗೆ ಹೊರಬರುತ್ತವೆ. ಇವುಗಳ ಕೆಲಸ ಒಂದೇ ಕೀಡೆಯ ಒಳಗೆ ಕೋಶದಿಂದ ಕೋಶಕ್ಕೆ ಹರಡುವುದು. ಉಸಿರ್ನಾಳ, ರಕ್ತದ್ರವಗಳ ಮೂಲಕ ಅವು ಕೊಬ್ಬಿನ ಕೋಶಗಳವರೆಗೂ ತಲುಪುತ್ತವೆ. ಸೋಂಕು ಬಲಿತ ಮೇಲೆ ಪಾಲಿಹೆಡ್ರಿನ್ ಜೀನು ಜೋರಾಗಿ ಕೆಲಸ ಶುರು ಮಾಡುತ್ತದೆ. ಆಗ ಹುಟ್ಟುವ ಕಣಗಳು ಹೊರಗೆ ಹೋಗದೆ, ಕೋಶಕೇಂದ್ರದಲ್ಲೇ ಹರಳುಗಟ್ಟುತ್ತವೆ. ಇವು ಮುಂದಿನ ಕೀಡೆಗೆ ಮೀಸಲು.

ಇಷ್ಟಾಗುವ ಹೊತ್ತಿಗೆ ನಾಲ್ಕರಿಂದ ಏಳು ದಿನ ಕಳೆದಿರುತ್ತದೆ. ಕೀಡೆ ತಿನ್ನುವುದನ್ನು ಬಿಟ್ಟು, ಬಣ್ಣಗೆಟ್ಟು, ಗಿಡದ ತುದಿಗೆ ಏರುತ್ತದೆ. ಹಿಂಗಾಲಿನಿಂದ ಟೊಂಗೆ ಹಿಡಿದು ತಲೆಕೆಳಗಾಗಿ ಜೋತು ಸಾಯುತ್ತದೆ. ಮೈ ಕಪ್ಪಾಗುತ್ತದೆ. ವೈರಸ್ ಮಾಡಿಸಿದ ಕಿಣ್ವಗಳು ಒಳಗಿನ ಅಂಗಗಳನ್ನೂ ಚರ್ಮವನ್ನೂ ಕರಗಿಸಿರುವುದರಿಂದ ಮುಟ್ಟಿದರೆ ಚರ್ಮ ಒಡೆದು ರಸ ಸೋರುತ್ತದೆ. ಆ ರಸದಲ್ಲಿ ಕೋಟಿಗಟ್ಟಲೆ ಹರಳುಗಳಿದ್ದು, ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತವೆ.

ಹೊಲದಲ್ಲಿ ಎನ್‌ಪಿವಿ ಬಳಸುವ ಕ್ರಮವೆಲ್ಲ ಇದರಿಂದಲೇ ಹುಟ್ಟಿದೆ. ಕಡಲೆಗೆ ಹೆಕ್ಟೇರಿಗೆ 250 ಎಲ್‌ಇ, ಅಂದರೆ ಎಕರೆಗೆ 100 ಎಲ್‌ಇ ಪ್ರಮಾಣ ರೂಢಿಯಲ್ಲಿದೆ. ಒಂದು ಎಲ್‌ಇ (ಲಾರ್ವಲ್ ಇಕ್ವಿವಲೆಂಟ್) ಎಂದರೆ 600 ಕೋಟಿ ಹರಳು. ವೈರಸ್ ಹೊಟ್ಟೆಗೆ ಹೋಗಬೇಕಾದ್ದರಿಂದ ದ್ರಾವಣ ಗಿಡದ ಎಲ್ಲ ಭಾಗಕ್ಕೂ ತಾಗಬೇಕು. ಕೀಡೆ ರುಚಿಗೆ ತಿನ್ನಲಿ ಎಂದು ಬೆಲ್ಲ ಬೆರೆಸುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಡಿಎನ್ಎಯನ್ನು ಹಾಳು ಮಾಡುವುದರಿಂದ ಸಿಂಪರಣೆ ಸಂಜೆಗೆ, ಜೊತೆಗೆ ಬಟ್ಟೆಗೆ ಹಾಕುವ ನೀಲಿ ಸ್ವಲ್ಪ. ದೊಡ್ಡ ಕೀಡೆ ಸಾಯುವಷ್ಟರಲ್ಲಿ ಕಾಯಿ ತಿಂದು ಮುಗಿಸಿರುತ್ತದೆ, ಹಾಗಾಗಿ ಮೊಟ್ಟೆ ಮತ್ತು ಮರಿಕೀಡೆ ಕಂಡಾಗಲೇ ಹೊಡೆಯಬೇಕು. ಇದರಲ್ಲಿ ತಡವಾದರೆ ಔಷಧದ ತಪ್ಪಲ್ಲ. ಕಡಲೆ ಎಲೆಯಲ್ಲಿರುವ ಕೆಲವು ಐಸೋಫ್ಲೇವನಾಯ್ಡ್‌ಗಳೂ ವೈರಸ್ಸಿನ ಬಲ ಕುಗ್ಗಿಸುತ್ತವೆ. ಟೊಮೆಟೊದಲ್ಲಿ ಕಂಡಷ್ಟು ಫಲ ಕಡಲೆಯಲ್ಲಿ ಕಾಣದಿರಲು ಅದೂ ಒಂದು ಕಾರಣ.

ಜೇನುಹುಳ, ಗುಲಗಂಜಿ ಹುಳ, ದನಕರು, ಮನುಷ್ಯ ಯಾರಿಗೂ ಈ ವೈರಸ್ ತಗಲುವುದಿಲ್ಲ. ಹರಳು ಕರಗಿಸುವ ಕ್ಷಾರ, ಕಣಕ್ಕೆ ಅಂಟಲು ಬೇಕಾದ ಕೋಶದ ಮೇಲ್ಮೈ, ಒಳಹೊಕ್ಕ ಮೇಲೆ ಜೀನು ಓದಿಕೊಡುವ ವ್ಯವಸ್ಥೆ, ಇವೆಲ್ಲ ಒಟ್ಟಿಗೆ ಸಿಗುವುದು ಹೆಲಿಕೋವರ್ಪ ಮತ್ತು ಅದರ ತೀರ ಹತ್ತಿರದ ಬಳಗದ ಕೀಡೆಗಳಲ್ಲಿ ಮಾತ್ರ.