ಜಮೈಕಾದಿಂದ ಮಲಯಾಳಕ್ಕೆ: ಹಿಪ್ ಹಾಪ್ ಬಂದ ದಾರಿ

ತಿರುವನಂತಪುರದ ಪಟ್ಟಂನಲ್ಲಾಗಲಿ ಕೊಚ್ಚಿಯ ಕಡವಂತ್ರದಲ್ಲಾಗಲಿ ಬಹುಕಾಲದಿಂದ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಈಗ ಒಂದು ತಕರಾರು ಸಾಮಾನ್ಯವಾಗಿದೆ. ಮಕ್ಕಳ ಕೋಣೆಯಿಂದ ಮಲಯಾಳಂ ರ‍್ಯಾಪ್ ಕೇಳಿಬರುತ್ತದೆ. ಹಿರಿಯರು 'ಇದೇನು ಹಾಡೋ, ಜಗಳವೋ' ಎನ್ನುತ್ತಾರೆ. ಅಮೆರಿಕದ ಅನುಕರಣೆಯೆಂದು ತಳ್ಳಿಹಾಕುವ ಮುನ್ನ ಅದರ ಹುಟ್ಟನ್ನು ಅರಿಯುವುದು ಲೇಸೆಂದು ನಮಗೆ ತೋರಿತು. ಆ ಬೇರಿನ ಒಂದು ದೊಡ್ಡ ಕವಲು ಇರುವುದು ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ.

1950ರ ದಶಕದಲ್ಲಿ ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್ನಿನ ಬಡವರಿಗೆ ವಾದ್ಯವೃಂದದ ಸಂಗೀತ ಕೈಗೆಟುಕುವಂತಿರಲಿಲ್ಲ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಒಂದು ಆಂಪ್ಲಿಫೈಯರ್, ಒಂದಿಷ್ಟು ಗ್ರಾಮಫೋನ್ ತಟ್ಟೆಗಳು: ಇಷ್ಟನ್ನು ಅಂಗಳಕ್ಕೆ ತಂದು ಕೇರಿಯನ್ನೇ ಕುಣಿಸುವ 'ಸೌಂಡ್ ಸಿಸ್ಟಮ್'ಗಳು ಹುಟ್ಟಿಕೊಂಡವು. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಮೊದಲಾದವರ ನಡುವೆ ನಮ್ಮ ಯಕ್ಷಗಾನ ಮೇಳಗಳ ಜೋಡಾಟವನ್ನು ನೆನಪಿಸುವಂಥ ಪೈಪೋಟಿಯೇ ನಡೆಯುತ್ತಿತ್ತು. ತಟ್ಟೆ ತಿರುಗುತ್ತಿರುವಾಗಲೇ ಒಬ್ಬನು ಮೈಕು ಹಿಡಿದು ಲಯಕ್ಕೆ ಹೊಂದುವಂತೆ ಚಟಾಕಿ, ಹೊಗಳಿಕೆ, ಮೂದಲಿಕೆಗಳನ್ನು ಪೋಣಿಸುತ್ತಿದ್ದನು. ಇದಕ್ಕೆ 'ಟೋಸ್ಟಿಂಗ್' ಎಂದು ಹೆಸರು. ಗಮನಿಸಬೇಕಾದುದೇನೆಂದರೆ, ಆ ಮಾತು ಶಾಲೆಯ ಇಂಗ್ಲಿಷ್ ಆಗಿರದೆ ಕೇರಿಯ ಆಡುನುಡಿಯಾಗಿತ್ತು.

ಆ ಕಿಂಗ್‌ಸ್ಟನ್ನಿನಲ್ಲಿ 1955ರಲ್ಲಿ ಹುಟ್ಟಿದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ ಹುಡುಗ 1967ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದನು. 1973ರ ಆಗಸ್ಟ್ 11ರಂದು ಅವನ ತಂಗಿ ಸಿಂಡಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಲೆಂದು ತಾವಿದ್ದ ಕಟ್ಟಡದಲ್ಲೇ ಒಂದು ಕುಣಿತದ ಕೂಟ ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ತಟ್ಟೆ ನುಡಿಸಿದವನು 18ರ ಕ್ಲೈವ್, ಅಂದರೆ ಜಗತ್ತು ಬಲ್ಲ ಡಿಜೆ ಕೂಲ್ ಹರ್ಕ್. ಹಾಡಿನ ಸಾಹಿತ್ಯ ನಿಂತು ಬರಿಯ ತಾಳ ಉಳಿಯುವ ಘಳಿಗೆಗಾಗಿ ಕುಣಿಯುವವರು ಕಾಯುವುದನ್ನು ಅವನು ಕಂಡುಕೊಂಡಿದ್ದನು. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ಬೆಳೆಸುವ ಉಪಾಯ ಅಲ್ಲಿಂದ ಬಂತು. ಗೆಳೆಯ ಕೋಕ್ ಲಾ ರಾಕ್ ಅದರ ಮೇಲೆ ಮಾತು ಹೊಸೆದನು.

ಇಲ್ಲೊಂದು ಸ್ವಾರಸ್ಯವಿದೆ. ಜಮೈಕಾದ ಹಾಡುಗಳು ಬ್ರಾಂಕ್ಸ್‌ನ ಯುವಕರಿಗೆ ರುಚಿಸಲಿಲ್ಲ. ಹರ್ಕ್ ನುಡಿಸಿದ್ದು ಜೇಮ್ಸ್ ಬ್ರೌನ್ ಮುಂತಾದವರ ತಟ್ಟೆಗಳನ್ನು. ಹಾಗಾಗಿ ಕಡಲು ದಾಟಿದ್ದು ಹಾಡಲ್ಲ, ವಿಧಾನ ಮಾತ್ರ. ಮಾತನ್ನು ಆಯಾ ಊರಿನವರೇ ತುಂಬಿಕೊಳ್ಳಬೇಕಾಯಿತು.

ಕೇರಳದಲ್ಲಿ ನಡೆದದ್ದೂ ಅದೇ. 2009ರಲ್ಲಿ ರೂಪುಗೊಂಡ ಸ್ಟ್ರೀಟ್ ಅಕಾಡೆಮಿಕ್ಸ್ ತಂಡ, ಕೊಚ್ಚಿಯ ಫೆಜೊ ಮುಂತಾದವರು ಮಲಯಾಳವನ್ನೇ ಈ ತಾಳಕ್ಕೆ ಒಗ್ಗಿಸಿದರು. ಮಾಪ್ಪಿಳ ಲಹಳ ತಂಡದ 'ನೇಟಿವ್ ಬಾಪ್ಪ'ದಲ್ಲಿ ನಟ ಮಾಮುಕ್ಕೋಯ ಅವರು ಹಾಡುವುದೇ ಇಲ್ಲ. ಮಗನನ್ನು ಕಳೆದುಕೊಂಡ ತಂದೆಯಾಗಿ ಮಲಬಾರಿನ ಆಡುಮಾತಿನಲ್ಲಿ ಸುಮ್ಮನೆ ಮಾತನಾಡುತ್ತಾರೆ. ರ‍್ಯಾಪ್ ಎಂದರೆ ಮುಖ ತಿರುಗಿಸುವ ಹಿರಿಯರು ಮೊದಲು ಅದನ್ನು ಕೇಳಬೇಕೆಂದು ನಮ್ಮ ಸಲಹೆ. ಮಲಪ್ಪುರಂ ಜಿಲ್ಲೆಯಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ಹೆಸರಾದ ಹನುಮಾನ್‌ಕೈಂಡ್ ಇಂಗ್ಲಿಷಿನಲ್ಲೇ ಹೇಳಿದರೂ 2025ರ 'ರನ್ ಇಟ್ ಅಪ್'ಗೆ ಚೆಂಡೆಯ ಪೆಟ್ಟನ್ನು ಆಧಾರವಾಗಿಸಿಕೊಂಡರು. ('ಇದೆಲ್ಲ ನಮ್ಮ ಕೊನ್ನಕ್ಕೋಲಿನಲ್ಲಿ ಮೊದಲೇ ಇತ್ತು' ಎಂಬ ವಾದವನ್ನೂ ಕೇಳಿದ್ದೇವೆ. ಹೋಲಿಕೆ ಉಂಟು, ನಂಟು ಇಲ್ಲ.)

ಕನ್ನಡದಲ್ಲಿಯೂ ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರಿಂದ ಈ ಬಗೆ ಮನೆಮಾತಾಗಿದೆ. ಆದರೆ ಅದು ಬೆಂಗಳೂರಿನ ಕನ್ನಡ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳ ಮಾತು ಬೇರೆ.

ಕಳೆದ ರಾಜ್ಯೋತ್ಸವದಲ್ಲಿ ಇಬ್ಬರು ಹುಡುಗರು ಕನ್ನಡ ರ‍್ಯಾಪ್ ಹೇಳಲು ಐದು ನಿಮಿಷ ಕೇಳಿದ್ದರು. ಸಮಯಾಭಾವವೆಂದು ನಾವು ಕೊಡಲಿಲ್ಲ. ಅವರು ಬರೆದು ತಂದಿದ್ದ ಹಾಳೆಯನ್ನು ಆಮೇಲೆ ನೋಡಿದೆವು. ಮಾತೆಲ್ಲ ಕನ್ನಡ, ಅಜ್ಜಿಯ ಬೈಗುಳವೂ ಸೇರಿದಂತೆ. ಲಿಪಿ ಮಾತ್ರ ಮಲಯಾಳಂ. ಈ ನವೆಂಬರಿನ ಕಾರ್ಯಕ್ರಮ ಪಟ್ಟಿಯಲ್ಲಿ ಅವರನ್ನು ನಾಟಕಕ್ಕಿಂತ ಮೊದಲು ಹಾಕಿದ್ದೇವೆ. ಹಾಳೆಯನ್ನು ಕನ್ನಡ ಲಿಪಿಗೆ ಇಳಿಸಿಕೊಡಲು ಅಜ್ಜಿಯೇ ಒಪ್ಪಿದ್ದಾರೆ.